ಹಳೆ ಚೈನ್‌ಸಾ ಸೋರುವುದೆಲ್ಲಿ?

ಕೆಟ್ಟು ಮೂಲೆ ಸೇರಿದ್ದ ಚೈನ್‌ಸಾ ರಿಪೇರಿಗೆ ಬಂದರೆ, ಕೆಲಸ ಬಲ್ಲ ಮೆಕ್ಯಾನಿಕ್ ಹಗ್ಗ ಎಳೆದು ಸ್ಟಾರ್ಟ್ ಮಾಡುವ ಆತುರ ತೋರಿಸುವುದಿಲ್ಲ. ಮೊದಲು ಸೈಲೆನ್ಸರ್ ಬಿಚ್ಚುತ್ತಾನೆ. ನಾಲ್ಕಾರು ಬೋಲ್ಟ್‌ಗಳ ಕೆಲಸ, ಅಷ್ಟೇ. ಅದು ಕಳಚಿತೆಂದರೆ ಸಿಲಿಂಡರಿನಿಂದ ಹೊಗೆ ಹೊರಬರುವ ಕಿಂಡಿ ತೆರೆದುಕೊಳ್ಳುತ್ತದೆ, ಕಿಂಡಿಯಲ್ಲಿ ಪಿಸ್ಟನ್ನಿನ ಒಂದು ಮಗ್ಗುಲು ಕಾಣುತ್ತದೆ. ಟಾರ್ಚ್ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎಳೆದು ಪಿಸ್ಟನ್ನನ್ನು ಮೇಲೆ ಕೆಳಗೆ ಆಡಿಸಿ ನೋಡಿದರೆ ಯಂತ್ರ ಹೇಗೆ ಬದುಕಿತ್ತು ಎನ್ನುವುದರ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಹೊಗೆಕಿಂಡಿಯ ಕಡೆ ಪಿಸ್ಟನ್ ಮೇಲೆ ಉದ್ದುದ್ದ ಗೀರು ಬಿದ್ದು, ಅಲ್ಯೂಮಿನಿಯಂ ಮೆತ್ತಿಕೊಂಡಂತಿದ್ದರೆ ಎಣ್ಣೆ ಇಲ್ಲದೆಯೋ ಪೆಟ್ರೋಲ್ ಸಾಲದೆಯೋ ಬಿಸಿಯೇರಿ ಓಡಿದೆ ಎಂದರ್ಥ. ಗಾಳಿ ಒಳಬರುವ ಕಡೆ ಸವೆದು, ಕಾರ್ಖಾನೆಯಲ್ಲಿ ಕಡೆದಾಗ ಉಳಿದ ಸಣ್ಣ ಗೆರೆಗಳೂ ಮಾಸಿ ಮಂಕಾಗಿದ್ದರೆ, ಹರಿದ ಫಿಲ್ಟರಿನಲ್ಲೇ ಓಡಿ ಮರದ ಪುಡಿಯನ್ನೂ ಮಣ್ಣನ್ನೂ ಕುಡಿದಿದೆ. ಮಾಲೀಕರು ‘ನಿನ್ನೆವರೆಗೂ ಚೆನ್ನಾಗೇ ಓಡ್ತಿತ್ತು ಮಾರಾಯ್ರೆ’ ಎಂದರೂ ಪಿಸ್ಟನ್ ಸುಳ್ಳು ಹೇಳುವುದಿಲ್ಲ.

ಎರಡೂ ಕಡೆ ಚೊಕ್ಕವಾಗಿದ್ದರೆ ಅದೃಷ್ಟ. ಹಾಗೆ ಚೊಕ್ಕವಾಗಿದ್ದೂ ಸ್ಟಾರ್ಟ್ ಆಗದ ಹಳೆ ಗರಗಸಗಳು ಬೇಕಾದಷ್ಟಿವೆ. ಅವುಗಳಲ್ಲಿ ಲೋಹಕ್ಕೆ ಏನೂ ಆಗಿರುವುದಿಲ್ಲ, ಸತ್ತಿರುವುದು ರಬ್ಬರ್. ಪೈಪು, ಸೀಲು, ಕಾರ್ಬುರೇಟರಿನೊಳಗಿನ ತೆಳು ಪದರ, ಇಂಜಿನ್ನಿಗೂ ಕಾರ್ಬುರೇಟರಿಗೂ ನಡುವಿನ ಗಂಟಲು – ಇವೆಲ್ಲ ಸೇರಿದರೂ ಒಂದು ಹಿಡಿ ಆಗಲಿಕ್ಕಿಲ್ಲ. ಹತ್ತು ಕಿಲೋ ಲೋಹವನ್ನು ನಿಲ್ಲಿಸಲು ಅಷ್ಟು ಸಾಕು.

ಯಾಕೆ ಸಾಕು ಎನ್ನುವುದಕ್ಕೆ ಟೂ ಸ್ಟ್ರೋಕ್ ಇಂಜಿನ್ನಿನ ಒಳಗುಟ್ಟು ತಿಳಿಯಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಯೆಜ್ಡಿ ಓಡಿಸಿದವರಿಗೆ ಇದರ ಸದ್ದು, ಹೊಗೆ, 2ಟಿ ಆಯಿಲಿನ ವಾಸನೆ ಎಲ್ಲ ಪರಿಚಿತ. ಈ ಇಂಜಿನ್ನಿನಲ್ಲಿ ವಾಲ್ವ್ ತೆರೆದು ಮುಚ್ಚುವ ಕಟ್ಟುಪಾಡಿಲ್ಲ. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿ ಗಾಳಿಯ ಒತ್ತಡ ಇಳಿಯುತ್ತದೆ, ಕಾರ್ಬುರೇಟರಿನಿಂದ ಪೆಟ್ರೋಲ್, ಎಣ್ಣೆ, ಗಾಳಿಯ ಮಿಶ್ರಣ ಒಳಗೆ ನುಗ್ಗುತ್ತದೆ. ಮೇಲೆ ಕಿಡಿ ಹಾರಿ ಪಿಸ್ಟನ್ ಕೆಳಕ್ಕೆ ಬರುವಾಗ ಅದೇ ಮಿಶ್ರಣ ಒತ್ತಿಸಿಕೊಂಡು, ಪಕ್ಕದ ಕಿಂಡಿಗಳ ಮೂಲಕ ಮೇಲಿನ ಕೋಣೆಗೆ ಹೋಗಿ, ಸುಟ್ಟ ಹೊಗೆಯನ್ನು ಹೊರದಬ್ಬುತ್ತದೆ. ಅಂದರೆ ಕ್ರ್ಯಾಂಕ್ ಕೋಣೆಯೇ ಪಂಪು. ಈಗಿನ ಚೈನ್‌ಸಾಗಳು ನಿಮಿಷಕ್ಕೆ 12,000 ಸುತ್ತಿನ ಆಚೆಗೂ ಹೋಗುತ್ತವೆ. ಲೆಕ್ಕ ಹಾಕಿದರೆ ಸೆಕೆಂಡಿಗೆ 200 ಸಲ ಈ ಪಂಪು ಎಳೆದು ಒತ್ತಬೇಕು.

ಪಂಪಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟರೂ ಸಾಕು, ಕಾರ್ಬುರೇಟರನ್ನು ತಪ್ಪಿಸಿ ಬರೀ ಗಾಳಿ ಒಳಸೇರುತ್ತದೆ. ಪೆಟ್ರೋಲ್ ಕಡಿಮೆಯಾದ ಮಿಶ್ರಣ ಹೆಚ್ಚು ಬಿಸಿಯಾಗಿ ಉರಿಯುತ್ತದೆ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಕಡಿಮೆ ಎಂದರೆ ಅದರ ಜೊತೆ ಬರುವ ಎಣ್ಣೆಯೂ ಕಡಿಮೆ. ಬಿಸಿ ಹೆಚ್ಚಿದ ಹೊತ್ತಿಗೇ ಎಣ್ಣೆ ತಪ್ಪುತ್ತದೆ. ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಗ್ಯಾರೇಜುಗಳಲ್ಲಿ ‘ಸೀಜ್ ಆಯ್ತು’ ಎನ್ನುವುದು ಇದಕ್ಕೇ. ತಮಾಷೆಯೆಂದರೆ ಸೀಜ್ ಆಗುವ ಮುಂಚಿನ ಕೆಲವು ನಿಮಿಷ ಗರಗಸ ಎಂದಿಗಿಂತ ಚುರುಕಾಗಿ, ಕೀರಲು ದನಿಯಲ್ಲಿ ಓಡುತ್ತದೆ. ನೋಡುವವರಿಗೆ ಹೊಸ ಹುರುಪು ಬಂದಂತೆ ಕಾಣುತ್ತದೆ.

ರಬ್ಬರಿಗೆ ಇಷ್ಟು ಮಹತ್ವ ಬಂದದ್ದಕ್ಕೆ ಒಂದು ಇತಿಹಾಸವಿದೆ. ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಮಾಡಿದ ಕರೆಂಟಿನ ಚೈನ್ ಗರಗಸವನ್ನು ಇಬ್ಬರು ಹಿಡಿಯಬೇಕಿತ್ತು. ಮರುವರ್ಷ ಎಮಿಲ್ ಲೆರ್ಪ್ ತನ್ನ ಪೆಟ್ರೋಲ್ ಗರಗಸವನ್ನು ತುರಿಂಗಿಯಾದ ಡೋಲ್ಮಾರ್ ಬೆಟ್ಟದಲ್ಲಿ ಪರೀಕ್ಷಿಸಿದ. ಕಂಪನಿಗೂ ಆ ಬೆಟ್ಟದ ಹೆಸರೇ ಬಂತು. ಅದಕ್ಕೂ ಇಬ್ಬರು ಆಳು. ಆ ಕಾಲದ ಗರಗಸಗಳಲ್ಲಿದ್ದದ್ದು ಬೈಕಿನಲ್ಲಿರುವಂಥ ತೇಲುಬುರುಡೆಯ ಕಾರ್ಬುರೇಟರ್. ಪೆಟ್ರೋಲಿನ ಮಟ್ಟ ನೆಟ್ಟಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ನಿಂತ ಮರವನ್ನು ಉರುಳಿಸಲು ಗರಗಸವನ್ನು ಅಡ್ಡ ಮಲಗಿಸಬೇಕು, ಇಂಜಿನ್ ಮಾತ್ರ ನೆಟ್ಟಗೇ ಇರಬೇಕು. ಹೀಗಾಗಿ ಚೈನು ಸುತ್ತುವ ಬಾರನ್ನಷ್ಟೇ ತಿರುಗಿಸಿಕೊಳ್ಳುವ ವ್ಯವಸ್ಥೆಯನ್ನು ಹಲವು ಗರಗಸಗಳಿಗೆ ಅಳವಡಿಸಿದ್ದರು.

ಈ ತೊಡಕು ಬಿಡಿಸಿದ್ದು ಡಯಾಫ್ರಮ್ ಕಾರ್ಬುರೇಟರ್. 1959ರಲ್ಲಿ ಬಂದ ಸ್ಟಿಲ್ ಕಾಂಟ್ರಾದಲ್ಲಿ ಅದು ಇತ್ತು, ಗೇರುಪೆಟ್ಟಿಗೆ ಇರಲಿಲ್ಲ. 106 ಸಿಸಿ, ಸುಮಾರು 6 ಅಶ್ವಶಕ್ತಿ, 12 ಕಿಲೋ. ಯಾವ ಕೋನದಲ್ಲಿ ಹಿಡಿದರೂ ಓಡುತ್ತಿತ್ತು. ಅಮೆರಿಕದಲ್ಲಿ ಇದನ್ನು ಮಾರಿದ್ದು ಲೈಟ್ನಿಂಗ್ ಎಂಬ ಹೆಸರಿನಲ್ಲಿ. ಆಮೇಲೆ ಬಂದ 070 ಇದೇ ವಂಶದ್ದು. ಹಳೆ ಗರಗಸಗಳಿಗೆ ಜೀವ ಕೊಡುವ ಹವ್ಯಾಸಿಗಳಿಗೆ ಕಾಂಟ್ರಾ ಇಂದಿಗೂ ಅಚ್ಚುಮೆಚ್ಚು. ಎಲ್ಲವೂ ದಪ್ಪ, ಎಲ್ಲವೂ ಲೋಹ, ಬಿಚ್ಚಿದ್ದನ್ನು ಮತ್ತೆ ಜೋಡಿಸಬಹುದು. ಎಲ್ಲವೂ ಪ್ಲಾಸ್ಟಿಕ್ಕಾದ ಇಂದಿನ ಅಗ್ಗದ ಗರಗಸಗಳ ಬಗ್ಗೆ ಆ ಮಾತು ಹೇಳುವ ಹಾಗಿಲ್ಲ.

ಡಯಾಫ್ರಮ್ ಕಾರ್ಬುರೇಟರ್ ಅಂಗೈಯಲ್ಲಿ ಹಿಡಿಸುವ ವಸ್ತು. ಒಂದು ಬದಿಯ ಮುಚ್ಚಳ ತೆಗೆದರೆ ಪಂಪಿನ ಪದರ ಸಿಗುತ್ತದೆ. ಕ್ರ್ಯಾಂಕ್ ಕೋಣೆಯ ಒತ್ತಡ ಏರಿಳಿದಂತೆ ಅದು ಮಿಡಿದು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಇನ್ನೊಂದು ಬದಿಯಲ್ಲಿ ಅಳತೆಯ ಪದರ. ಇಂಜಿನ್ ಎಳೆದಷ್ಟೂ ಅದು ಒಳಕ್ಕೆ ಬಾಗಿ, ಸಣ್ಣ ಸನ್ನೆಯೊಂದನ್ನು ಒತ್ತಿ, ಸೂಜಿಯನ್ನು ಎತ್ತಿ ಬೇಕಾದಷ್ಟು ಪೆಟ್ರೋಲ್ ಬಿಡುತ್ತದೆ. ಹೊಸ ಪದರವನ್ನು ಬೆರಳಲ್ಲಿ ಹಿಡಿದರೆ ತೊಪ್ಪೆಂದು ಜೋತುಬೀಳುತ್ತದೆ. ಹತ್ತಿಪ್ಪತ್ತು ವರ್ಷ ಹಳೆಯದು ಹಪ್ಪಳದಂತೆ ಸೆಟೆದು ನಿಂತಿರುತ್ತದೆ, ಅಲುಗಿಸಿದರೆ ಟಕಟಕ ಎನ್ನುತ್ತದೆ. ಅದು ಬಾಗದು, ಸೂಜಿ ಏಳದು. ಪದರಗಳೂ ಗ್ಯಾಸ್ಕೆಟ್‌ಗಳೂ ಇರುವ ಒಂದು ಕಿಟ್ ತಂದು, ಕಾರ್ಬುರೇಟರಿನ ಸಂದುಗಳನ್ನು ಕ್ಲೀನರ್ ಸ್ಪ್ರೇಯಿಂದ ತೊಳೆದು ಗಾಳಿ ಹೊಡೆದರೆ, ಸತ್ತಿತೆಂದುಕೊಂಡಿದ್ದ ಎಷ್ಟೋ ಗರಗಸಗಳು ಅಲ್ಲಿಗೇ ಎದ್ದು ಕೂರುತ್ತವೆ.

ಏಳದಿದ್ದರೆ ಸೋರಿಕೆಯ ಬೇಟೆ ಶುರು. ಹಳೆ ಟ್ಯೂಬಿನ ತುಂಡು ಕೊಟ್ಟು ಹೊಗೆಕಿಂಡಿಯನ್ನೂ ಗಾಳಿಯ ದಾರಿಯನ್ನೂ ಬಿಗಿದು, ಕೈಪಂಪಿನಿಂದ ಅರ್ಧ ಬಾರ್‌ನಷ್ಟು, ಅಂದರೆ 7 ಪಿಎಸ್‌ಐ ಗಾಳಿ ತುಂಬಿ, ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕುತ್ತಾರೆ. ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲ್, ಸಿಲಿಂಡರಿನ ಅಡಿಯ ಗ್ಯಾಸ್ಕೆಟ್, ಕಾರ್ಬುರೇಟರಿನ ಹಿಂದಿನ ರಬ್ಬರ್ ಗಂಟಲು – ಗುಳ್ಳೆ ಏಳುವುದು ಸಾಮಾನ್ಯವಾಗಿ ಇವುಗಳಲ್ಲೊಂದರಲ್ಲಿ. ಚತುರರು ಅಷ್ಟಕ್ಕೇ ಬಿಡದೆ ಗಾಳಿಯನ್ನು ಹೊರಕ್ಕೆ ಎಳೆದೂ ನೋಡುತ್ತಾರೆ. ಒತ್ತಿದಾಗ ಬಿಗಿಯಾಗಿರುವ ಸೀಲ್ ಎಳೆದಾಗ ಸೋರುವುದುಂಟು.

ರಬ್ಬರಿನ ಆಯಸ್ಸು ಕಡಿಮೆ ಮಾಡುವುದರಲ್ಲಿ ಪೆಟ್ರೋಲಿನ ಪಾಲೂ ಇದೆ. ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ದೊಡ್ಡ ಗರಗಸ ಕಂಪನಿಗಳು ಅಮೆರಿಕದ ಗಿರಾಕಿಗಳಿಗೆ ಹೇಳುವ ಮಿತಿಯೇ ಶೇಕಡಾ 10. ಎಥನಾಲ್‌ಗೆ ಮೊದಲು ತಯಾರಾದ ರಬ್ಬರ್ ಅದರಲ್ಲಿ ಊದಿಕೊಂಡು, ಒಣಗಿದಾಗ ಬಿರಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ, ಅರ್ಧ ಟ್ಯಾಂಕ್ ಪೆಟ್ರೋಲಿನ ಸಮೇತ ಕೊಟ್ಟಿಗೆಯ ಮೂಲೆಯಲ್ಲಿ ಕುಳಿತ ಗರಗಸಕ್ಕೆ ತೇವಕ್ಕೇನು ಬರ? ನೀರು ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಪೈಪಿನ ತುದಿಯಲ್ಲಿ ಭಾರದ ಫಿಲ್ಟರ್ ಇರುವುದೇ ತಳ ಮುಟ್ಟಲಿ ಎಂದು. ಹಗ್ಗ ಎಳೆದಾಗ ಇಂಜಿನ್ ಮೊದಲು ಕುಡಿಯುವುದು ಎಣ್ಣೆಯಿಲ್ಲದ ಆ ತಳದ ನೀರನ್ನು. ಹಂಗಾಮು ಮುಗಿದ ದಿನವೇ ಟ್ಯಾಂಕ್ ಬರಿದು ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒಳಗಿಟ್ಟರೆ ರಿಪೇರಿ ಖರ್ಚಿನಲ್ಲಿ ದೊಡ್ಡ ಪಾಲು ಉಳಿಯುತ್ತದೆ.

ಕಚ್ಚಿಕೊಂಡ ಸಿಲಿಂಡರನ್ನೂ ಕೆಲವೊಮ್ಮೆ ಉಳಿಸಬಹುದು. ಒಳಗೋಡೆಗೆ ಗಟ್ಟಿ ಕ್ರೋಮ್ ಅಥವಾ ನಿಕಲ್ ಲೇಪನವಿರುತ್ತದೆ. ಗೀರಿನಂತೆ ಕಾಣುವುದು ಹಲವು ಸಲ ಗೀರೇ ಅಲ್ಲ, ಪಿಸ್ಟನ್ನಿನಿಂದ ಕಿತ್ತು ಮೆತ್ತಿಕೊಂಡ ಅಲ್ಯೂಮಿನಿಯಂ. ಹತ್ತಿ ಸುತ್ತಿದ ಕಡ್ಡಿಯಿಂದ ಹೈಡ್ರೋಕ್ಲೋರಿಕ್ ಆಮ್ಲವನ್ನು ಅದರ ಮೇಲಷ್ಟೇ ಸವರಿದರೆ ಬುರುಬುರು ನೊರೆ ಬಂದು ಅಲ್ಯೂಮಿನಿಯಂ ಕರಗುತ್ತದೆ. ನೊರೆ ನಿಂತಿತೆಂದರೆ ಮೆತ್ತಿದ್ದು ಹೋಯಿತು, ತಕ್ಷಣ ತೊಳೆಯಬೇಕು. ಕಿಂಡಿಗಳ ಅಂಚಿನಲ್ಲಿ ಲೇಪನವಿಲ್ಲದ ಲೋಹಕ್ಕೆ ಆಮ್ಲ ತಾಗಿದರೆ ಅದೂ ಕರಗೀತು. ಕೈಗವಸು, ಕನ್ನಡಕ, ಬಯಲು ಗಾಳಿ ಇಲ್ಲದೆ ಈ ಕೆಲಸಕ್ಕೆ ಕೂರಬಾರದು. ತೊಳೆದ ಮೇಲೆ ಉಗುರು ಎಳೆದು ನೋಡಿ, ಎಲ್ಲಿಯೂ ಸಿಕ್ಕಿಹಾಕಿಕೊಳ್ಳದಿದ್ದರೆ ಹೊಸ ಪಿಸ್ಟನ್, ಹೊಸ ರಿಂಗ್ ಹಾಕಬಹುದು. ಸಿಕ್ಕಿತೋ, ಲೇಪನ ಹರಿದಿದೆ. ಆ ಸಿಲಿಂಡರ್ ಗುಜರಿಗೆ.

ಕ್ಲಚ್ ಬಿಚ್ಚುವಾಗ ಹೊಸಬರು ಎಡವುವುದು ಸಾಮಾನ್ಯ. ಹೆಚ್ಚಿನ ಚೈನ್‌ಸಾಗಳಲ್ಲಿ ಅದರ ಮರೆ ಉಲ್ಟಾ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ತಿರುಗಿಸಹೊರಟರೆ ಇಂಜಿನ್ನೇ ತಿರುಗುವುದರಿಂದ ಪಿಸ್ಟನ್ನಿಗೆ ತಡೆ ಬೇಕು. ಪ್ಲಗ್ ಬಿಚ್ಚಿ, ಪಿಸ್ಟನ್ ಹೊಗೆಕಿಂಡಿಯನ್ನು ದಾಟಿ ಮೇಲೆ ಬಂದ ನಂತರ, ಪ್ಲಗ್ಗಿನ ತೂತಿನಲ್ಲಿ ಒಂದೆರಡು ಗೇಣು ಹಗ್ಗ ತುರುಕುತ್ತಾರೆ. ಕಿಂಡಿ ತೆರೆದಿರುವಾಗಲೇ ತುರುಕಿದರೆ ಹಗ್ಗ ಅದರೊಳಗೆ ಇಳಿದು ಪಿಸ್ಟನ್ನಿನ ಅಂಚಿಗೆ ಸಿಕ್ಕಿ ಕತ್ತರಿಸಿಹೋಗುತ್ತದೆ.

ಇಂಜಿನ್ ಸರಿಹೋದರೂ ಮರ ಕೊಯ್ಯುವುದು ಚೈನು. ಅದರ ಹಲ್ಲಿನ ಕಥೆ ಶುರುವಾಗುವುದು ಒಂದು ಹುಳುವಿನಿಂದ. 1940ರ ದಶಕದವರೆಗೆ ಚೈನಿನ ಹಲ್ಲುಗಳು ಕೈಗರಗಸದ ಹಲ್ಲಿನ ನಕಲು. ಮರವನ್ನು ಕೆರೆದು ಕೆರೆದು ಪುಡಿ ಮಾಡುತ್ತಿದ್ದವು, ಬೇಗ ಮೊಂಡಾಗುತ್ತಿದ್ದವು, ಮತ್ತೆ ಮತ್ತೆ ಅರ ಹಿಡಿದು ಕೂರಬೇಕಿತ್ತು. ಅಮೆರಿಕದ ಓರೆಗಾನ್‌ನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತ 1946ರಲ್ಲಿ, ಮರದ ಬೊಡ್ಡೆಯೊಂದರಲ್ಲಿ ತೋರುಬೆರಳ ಗಾತ್ರದ ದುಂಬಿಮರಿ ಕೊರೆಯುತ್ತಿರುವುದನ್ನು ಕಂಡ. ನಾರಿನ ಉದ್ದಕ್ಕೂ ಅಡ್ಡಕ್ಕೂ ಅದು ಒಂದೇ ಸಲೀಸಿನಲ್ಲಿ ಸಾಗುತ್ತಿತ್ತು. ಅದರ ಎರಡು ಬಾಗಿದ ದವಡೆಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮರದ ಚಕ್ಕೆ ಎಬ್ಬಿಸುತ್ತಿದ್ದವು. ಕಾಕ್ಸ್ ಆ ದವಡೆಯನ್ನೇ ಉಕ್ಕಿನಲ್ಲಿ ಮಾಡಿದ: ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ, ತುದಿ ಬಾಗಿ ಒಳಕ್ಕೆ ಸುರುಳಿ. 1947ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಮಾರಾಟಕ್ಕಿಟ್ಟ ಆ ಚೈನಿನಿಂದ ಹುಟ್ಟಿದ ಕಂಪನಿಯೇ ಈಗಿನ ಓರೆಗಾನ್. ಕಾಕ್ಸ್ ಕಂಡ ಹುಳು ಉದ್ದ ಮೀಸೆಯ ದುಂಬಿಗಳ ಕುಟುಂಬದ್ದು. ಚಿಕ್ಕಮಗಳೂರು, ಕೊಡಗಿನಲ್ಲಿ ಅರೇಬಿಕಾ ಕಾಫಿ ಗಿಡಗಳನ್ನು ಟೊಳ್ಳು ಮಾಡುವ ಬಿಳಿ ಕಾಂಡಕೊರಕ ಕೂಡ ಇದೇ ಕುಟುಂಬಕ್ಕೆ ಸೇರಿದ್ದು. ಬೆಳೆಗಾರರು ಶಪಿಸುವ ಕಸುಬೇ ಅವರ ತೋಟದ ಮೆಷಿನ್ನಿನಲ್ಲೂ ಕೂತಿದೆ!

ಹಳೆ ಚೈನನ್ನು ಹರಿತ ಮಾಡಲು ಹಲ್ಲಿನ ಗಾತ್ರಕ್ಕೆ ತಕ್ಕ ದುಂಡು ಅರ ಬೇಕು. ಎಂಟನೇ ಮೂರು ಇಂಚಿನ ಚೈನಿಗೆ ಸಾಮಾನ್ಯವಾಗಿ 5.2 ಮಿಲಿಮೀಟರಿನದು. ಸುಮಾರು 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿನಲ್ಲಿ ತಳ್ಳಬೇಕು. ಎಲ್ಲ ಹಲ್ಲಿಗೂ ಸಮಾನ ಸಂಖ್ಯೆಯ ಉಜ್ಜು. ಹಲ್ಲಿನ ಮುಂದಿರುವ ಗಿಡ್ಡ ಗುಬುಟು ಎಷ್ಟು ಆಳ ಕಚ್ಚಬೇಕೆಂದು ನಿರ್ಧರಿಸುತ್ತದೆ. ಹಲ್ಲಿಗಿಂತ ಅದು 0.65 ಮಿಲಿಮೀಟರ್ ತಗ್ಗಿದ್ದರೆ ಸಾಕು. ಬೇಗ ಕೊಯ್ಯಲೆಂದು ಅದನ್ನು ಸಿಕ್ಕಾಪಟ್ಟೆ ತಗ್ಗಿಸಿದವರ ಗರಗಸ ಕೈಯಲ್ಲಿ ಕುಣಿಯುತ್ತದೆ. ಮರದಿಂದ ಸಣ್ಣ ಪುಡಿ ಉದುರಿದರೆ ಚೈನು ಮೊಂಡು, ಚಕ್ಕೆ ಹಾರಿದರೆ ಹರಿತ.

ಕೊನೆಯ ಹೊಂದಿಕೆ ಕಿವಿಯ ಕೆಲಸ. ಮರ ಮುಟ್ಟಿಸದೆ ಪೂರ್ತಿ ಎಕ್ಸಲರೇಟರ್ ಕೊಟ್ಟಾಗ ಸದ್ದು ತುಸು ಒಡೆದು, ತೊದಲಿದಂತಿರಬೇಕು; ಮರಕ್ಕಿಳಿಸಿದಾಗ ತೊದಲು ಹೋಗಿ ನೇರವಾಗಬೇಕು. ಬರಿದೇ ಓಡುವಾಗಲೇ ಶುದ್ಧವಾಗಿ ಕಿರುಚಿದರೆ ಪೆಟ್ರೋಲ್ ಸಾಲುತ್ತಿಲ್ಲ, ಕಾರ್ಬುರೇಟರಿನ ಸ್ಕ್ರೂ ಸ್ವಲ್ಪ ತೆರೆಯಬೇಕು. ಐಡಲ್‌ನಲ್ಲಿ ಚೈನು ಅಲುಗಬಾರದು. ಬಾರಿನ ತುದಿಯನ್ನು ಒಣ ಹಲಗೆಯತ್ತ ಹಿಡಿದು ಓಡಿಸಿದಾಗ ಎಣ್ಣೆಯ ಗೆರೆ ಬೀಳದಿದ್ದರೆ ಬಾರಿಗೆ ಎಣ್ಣೆ ಹೋಗುತ್ತಿಲ್ಲ.

ಇಷ್ಟೆಲ್ಲ ಆದರೂ ಹಳೆ ಗರಗಸಕ್ಕೆ ಕೊಡಲಾಗದ ಒಂದೆರಡು ಇವೆ. ಕಾಂಟ್ರಾ ಕಾಲದ ಯಂತ್ರಗಳಲ್ಲಿ ಚೈನ್ ಬ್ರೇಕ್ ಇಲ್ಲ; ಅದು ಬಂದದ್ದು 70ರ ದಶಕದಲ್ಲಿ. ಹಿಡಿಗೂ ಇಂಜಿನ್ನಿಗೂ ನಡುವೆ ನಡುಕ ತಡೆಯುವ ರಬ್ಬರ್ ಇಲ್ಲ. ದಿನವಿಡೀ ಇಂಥವನ್ನು ಹಿಡಿದ ಬ್ರಿಟನ್, ಜಪಾನ್‌ನ ಕಾಡುಕೆಲಸಗಾರರ ಬೆರಳುಗಳು ರಕ್ತ ಹರಿಯದೆ ಬಿಳುಚಿ ಮರಗಟ್ಟುತ್ತಿದ್ದವು. ಬಾರಿನ ಮೂತಿಯ ಮೇಲ್ಭಾಗ ಗಟ್ಟಿಯಾದುದಕ್ಕೆ ತಾಗಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದತ್ತ ಜಿಗಿಯುತ್ತದೆ. ಹೊಸ ಗರಗಸದಲ್ಲಿ ಮುಂಗೈ ಗುರಾಣಿಗೆ ತಾಗಿದೊಡನೆ, ಅಥವಾ ಜಿಗಿತದ ರಭಸಕ್ಕೇ, ಚೈನು ನಿಲ್ಲುತ್ತದೆ. ಹಳೆಯದರಲ್ಲಿ ಅದನ್ನು ನಿಲ್ಲಿಸಲು ಏನೂ ಇಲ್ಲ. ಹಾಗಾಗಿ ತೋಟದ ದಿನನಿತ್ಯದ ಕೆಲಸಕ್ಕೆ ಬ್ರೇಕ್ ಇರುವ ಗರಗಸವನ್ನೇ ಹಿಡಿಯಬೇಕು. ರಿಪೇರಿಯಾದ ಕಾಂಟ್ರಾವನ್ನು ವರ್ಷಕ್ಕೊಮ್ಮೆ ಹೊರತೆಗೆದಾಗಲೂ ಹೆಲ್ಮೆಟ್, ಕಾಲಿಗೆ ರಕ್ಷಾಕವಚ ತೊಟ್ಟು, ಹೆಬ್ಬೆರಳನ್ನು ಹಿಡಿಯ ಸುತ್ತ ಬಿಗಿದು, ಮಲಗಿಸಿದ ದಿಮ್ಮಿಯನ್ನು ಬಾರಿನ ನಡುಭಾಗದಿಂದಷ್ಟೇ ಕೊಯ್ಯುವುದು ಕ್ಷೇಮ.