ಸಿದ್ಧಾಂತ ಬಸದಿಯ ಕಾವಲು

ಕತ್ತಲೆ ಕವಿದ ಕಲ್ಪಿತ ಲೋಕಗಳ ಕಥೆಗಳಲ್ಲಿ ಕಾವಲುಗಾರನಾದ ಯತಿಯೊಬ್ಬ ಇದ್ದೇ ಇರುತ್ತಾನೆ. ಗುಡಿಯ ಒಳಗೋಣೆಯಲ್ಲಿ ಒಂದು ಗ್ರಂಥ. ಅದನ್ನು ಆತ ಯಾರಿಗೂ ಓದಗೊಡನು. ಕಥೆಗಾರನ ದೃಷ್ಟಿಯಲ್ಲಿ ಆತ ಸಾಮಾನ್ಯವಾಗಿ ಖಳನೇ. ಅಂತಹ ಕಾವಲು ನಿಜವಾಗಿ ನಡೆದ ಸ್ಥಳವೊಂದು ನಮ್ಮ ನಾಡಿನಲ್ಲಿಯೇ ಇದೆ. ಅದು ಮೂಡಬಿದಿರೆಯ ಗುರುಬಸದಿ. ಅದಕ್ಕೆ ಸಿದ್ಧಾಂತ ಬಸದಿ ಎಂಬ ಹೆಸರು ಬಂದುದೇ ಅಲ್ಲಿ ರಕ್ಷಿತವಾಗಿದ್ದ ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತ ಗ್ರಂಥಗಳ ತಾಳೆಗರಿಗಳಿಂದ.

ಗಿರಿನಾರಿನ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮಗೆ ನೆನಪಿದ್ದ ಆಗಮಭಾಗ ತಮ್ಮೊಡನೆ ಅಳಿಯಬಾರದೆಂದು ಪುಷ್ಪದಂತ, ಭೂತಬಲಿ ಎಂಬ ಮುನಿಗಳಿಗೆ ಅದನ್ನು ಪಾಠ ಹೇಳಿದರೆಂಬುದು ದಿಗಂಬರ ಸಂಪ್ರದಾಯ. ಅದರಿಂದ ಹುಟ್ಟಿದ ಷಟ್ಖಂಡಾಗಮಕ್ಕೆ ರಾಷ್ಟ್ರಕೂಟರ ಕಾಲದಲ್ಲಿ ವೀರಸೇನರು ಬರೆದ ವ್ಯಾಖ್ಯಾನವೇ ಧವಲಾ. ಅವರು ಅರ್ಧಕ್ಕೆ ಬಿಟ್ಟ ಜಯಧವಲೆಯನ್ನು ಶಿಷ್ಯರಾದ ಜಿನಸೇನರು 837ರಲ್ಲಿ ಮುಗಿಸಿದರು. ಭಾಷೆ ಸಂಸ್ಕೃತ ಬೆರೆತ ಪ್ರಾಕೃತ. ಆದರೆ ಓಲೆಗಳ ಲಿಪಿ ಹಳಗನ್ನಡ. ಕನ್ನಡದ ಲಿಪಿಕಾರರ ಕೈಯಿಲ್ಲದಿದ್ದರೆ ಈ ಗ್ರಂಥಗಳು ಇಂದು ಇರುತ್ತಿರಲಿಲ್ಲವೆಂಬುದನ್ನು ನಾವು ಸಾಕಷ್ಟು ಹೇಳಿಕೊಂಡಿಲ್ಲ.

ಸಿದ್ಧಾಂತವನ್ನು ಓದುವ ಅಧಿಕಾರ ಗೃಹಸ್ಥರಿಗಿಲ್ಲವೆಂಬ ನಿಯಮ ಕಾಲಕ್ರಮದಲ್ಲಿ ಬೇರೂರಿತು. ನೇಮಿಚಂದ್ರರು ಚಾವುಂಡರಾಯನಿಗಾಗಿ ಸಂಗ್ರಹಿಸಿದ ಗೊಮ್ಮಟಸಾರವೇ ಪಾಠಕ್ಕೆ ಸಾಕೆನಿಸಿತು. ಮೂಲವು ಪೂಜೆಯ ವಸ್ತುವಾಯಿತು. ಯಾತ್ರಿಕರು ಬರುವರು, ಓಲೆಯ ಕಟ್ಟುಗಳಿಗೆ ಕೈಮುಗಿದು ತೆರಳುವರು. ಬೀಗದ ಹಿಂದೆ ಭಟ್ಟಾರಕರೂ ಊರಿನ ಶ್ರಾವಕಪ್ರಮುಖರೂ ಇದ್ದರು.

19ನೆಯ ಶತಮಾನದ ಕೊನೆಯಲ್ಲಿ ಮುಂಬಯಿಯ ಸೇಠ್ ಮಾಣಿಕಚಂದ್, ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಮೊದಲಾದವರ ಒತ್ತಾಯದಿಂದ, ಓಲೆಗಳು ಶಿಥಿಲವಾಗುತ್ತಿವೆಯೆಂಬ ಭಯದಿಂದ, ಪ್ರತಿ ಮಾಡಲು ಒಪ್ಪಿಗೆ ದೊರೆಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಉಪಾಧ್ಯಾಯರೂ ಕುಳಿತು ಬರೆದರು. ಕೆಲಸ ವರ್ಷಗಟ್ಟಲೆ ಸಾಗಿತು. ಪ್ರತಿಯೇನೋ ಆಯಿತು, ಆದರೆ ಅದೂ ಮೂಡಬಿದಿರೆಯಲ್ಲಿಯೇ ಉಳಿಯಬೇಕು! ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಅದು ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಿದ ಪಂಡಿತರೊಬ್ಬರು ತಮಗೂ ಒಂದನ್ನು ಉಳಿಸಿಕೊಂಡರು. ಅದರ ಪ್ರತಿಗಳು ಊರೂರಿಗೆ ಹರಡಿದವು. ಕಳವೆನ್ನಬೇಕೆ, ಶಾಸ್ತ್ರದಾನವೆನ್ನಬೇಕೆ? ಎರಡನೆಯದರ ಕಡೆಗೇ ನನ್ನ ಮನಸ್ಸು ವಾಲುತ್ತದೆ.

ಈ ಪ್ರತಿಗಳ ಆಧಾರದಿಂದಲೇ ಹೀರಾಲಾಲ್ ಜೈನರು ಅಮರಾವತಿಯಿಂದ 1939ರಲ್ಲಿ ಧವಲೆಯ ಮೊದಲ ಸಂಪುಟವನ್ನು ಹೊರತಂದರು. ಅದರ 93ನೆಯ ಸೂತ್ರ ತೊಡಕಾಯಿತು. ಸ್ತ್ರೀಯರಿಗೆ ಸಂಬಂಧಿಸಿದ ಗುಣಸ್ಥಾನಗಳನ್ನು ಹೇಳುವ ಆ ಸೂತ್ರದಲ್ಲಿ 'ಸಂಜದ', ಎಂದರೆ ಪೂರ್ಣ ಸಂಯಮವುಳ್ಳ, ಎಂಬ ಪದವಿರಬೇಕಿತ್ತು, ಲಿಪಿಕಾರರ ಕೈಯಲ್ಲಿ ಬಿಟ್ಟುಹೋಗಿದೆ ಎಂದು ಸಂಪಾದಕರು ಊಹಿಸಿದರು. ಸ್ತ್ರೀಗೆ ಅದೇ ಜನ್ಮದಲ್ಲಿ ಮೋಕ್ಷವಿಲ್ಲವೆನ್ನುವ ದಿಗಂಬರ ಪಂಡಿತರಲ್ಲಿ ಇದು ಎಂತಹ ಕೋಲಾಹಲವನ್ನು ಎಬ್ಬಿಸಿರಬಹುದು! ಒಂದು ಪದದ ಮೇಲೆ ಒಂದು ಮತದ ನಿಲುವೇ ತೂಗುತ್ತಿತ್ತು.

ಈ ನಡುವೆ ಮೂಡಬಿದಿರೆಯವರ ಮನಸ್ಸು ತಿಳಿಯಾಗಿತ್ತು. ಗ್ರಂಥ ಅಚ್ಚಾದ ಮೇಲೆ ಗುಟ್ಟಿಗೆ ಅರ್ಥವಿರಲಿಲ್ಲ, ಶುದ್ಧಪಾಠಕ್ಕೆ ಅರ್ಥವಿತ್ತು. ಚಾರುಕೀರ್ತಿ ಭಟ್ಟಾರಕರೂ ಬಸದಿಯ ಪ್ರಮುಖರೂ ಮೂಲದೊಡನೆ ಹೋಲಿಸಿ ನೋಡಲು ಅನುಮತಿಯಿತ್ತರು. ಓಲೆಯನ್ನು ತೆರೆದಾಗ 'ಸಂಜದ' ಅಲ್ಲಿತ್ತು. ಗುಟ್ಟಿನ ಪ್ರತಿಗಳು ಕಳೆದುಕೊಂಡುದನ್ನು ಬೀಗದೊಳಗಿನ ಓಲೆ ಉಳಿಸಿಕೊಂಡಿತ್ತು. ವಿವಾದವೇನೂ ಅಲ್ಲಿಗೆ ನಿಲ್ಲಲಿಲ್ಲ. ಪದವಿದೆಯೇ ಇಲ್ಲವೇ ಎಂಬುದು ಹೋಗಿ, ಅಲ್ಲಿ ಹೇಳಿರುವುದು ದೇಹದಿಂದ ಸ್ತ್ರೀಯಾದವಳನ್ನೋ ಭಾವದಿಂದ ಮಾತ್ರ ಸ್ತ್ರೀಯಾದ ಜೀವವನ್ನೋ ಎಂಬ ಚರ್ಚೆ ಮೊದಲಾಯಿತು.