ಗೂಡ್ಸ್ ಡಬ್ಬಿಯ ಮೇಲಿನ ಹನ್ನೊಂದು ಅಂಕಿಗಳು

ವಾಡಿ ಜಂಕ್ಷನ್ನಿನಲ್ಲಿ ಮೂರು ದಿಕ್ಕುಗಳ ಹಳಿಗಳು ಕೂಡುತ್ತವೆ. ಶಹಾಬಾದ, ಕಲಬುರಗಿಗಳ ಮೇಲೆ ಹಾಯ್ದು ಸೊಲ್ಲಾಪುರಕ್ಕೆ ಹೋಗುವುದೊಂದು. ಯಾದಗಿರಿ, ರಾಯಚೂರುಗಳ ಕಡೆಗೆ ಇಳಿಯುವುದು ಇನ್ನೊಂದು. ಚಿತ್ತಾಪುರ, ಸೇಡಂಗಳ ಮಾರ್ಗವಾಗಿ ಸಿಕಂದರಾಬಾದಿಗೆ ಸಾಗುವ ಮೂರನೆಯದು ನಿಜಾಮರ ಕಾಲದಲ್ಲಿ, 1874ರಲ್ಲಿ, ತೆರೆದದ್ದು. ಈ ಸೀಮೆಯ ನೆಲದಡಿಯಲ್ಲಿ ಸುಣ್ಣದ ಕಲ್ಲು ಹೇರಳವಾಗಿರುವುದರಿಂದ ಸಿಮೆಂಟಿನ ಕಾರ್ಖಾನೆಗಳು ಹಳಿಗಳ ಆಸುಪಾಸಿನಲ್ಲಿಯೇ ಎದ್ದಿವೆ. ಆದುದರಿಂದ ಇಲ್ಲಿ ರೈಲಿಗಾಗಿ ಕಾಯುವವನು ಮೊದಲು ಒಂದೆರಡು ಗೂಡ್ಸ್ ಗಾಡಿಗಳನ್ನು ನೋಡಿಯೇ ತೀರಬೇಕು. ಅದು ಬೇಸರದ ಕೆಲಸವೆಂದು ಹಲವರ ಮತ. ಡಬ್ಬಿಯ ಮೈಮೇಲಿನ ಬಿಳಿಯ ಬರಹವನ್ನು ಓದಬಲ್ಲವನಿಗೆ ಹಾಗೆನ್ನಿಸದು.

ಮೊದಲು ಅಕ್ಷರಗಳನ್ನು ನೋಡೋಣ. ಸಿಮೆಂಟಿನ ಚೀಲಗಳನ್ನು ಹೊರುವ ಮುಚ್ಚಿದ ಡಬ್ಬಿಯ ಮೇಲೆ ‘ಬಿಸಿಎನ್’ ಎಂದು ಆರಂಭವಾಗುವ ಹೆಸರು ಇರುತ್ತದೆ. ‘ಬಿ’ ಎಂದರೆ ಬೋಗಿಗಳುಳ್ಳದ್ದು, ಅಂದರೆ ನಾಲ್ಕು ಗಾಲಿಗಳ ಎರಡು ಚೌಕಟ್ಟುಗಳ ಮೇಲೆ ಕುಳಿತದ್ದು. ‘ಸಿ’ ಎಂದರೆ ಮುಚ್ಚಿದ್ದು. ಕಲ್ಲಿದ್ದಲನ್ನು ತರುವ ‘ಬಿಓಎಕ್ಸ್ಎನ್’ ಡಬ್ಬಿಯಲ್ಲಿ ‘ಓ’ ಎಂಬುದು ತೆರೆದದ್ದು ಎಂಬುದರ ಗುರುತು. ಕೊನೆಯ ‘ಎನ್’ ಗಾಳಿಯ ಬ್ರೇಕನ್ನು ಸೂಚಿಸುತ್ತದೆ. ಇದು ಅಲ್ಪ ವಿಷಯವಲ್ಲ. ಹಳೆಯ ಡಬ್ಬಿಗಳಲ್ಲಿ ನಿರ್ವಾತದ ಬ್ರೇಕು ಇತ್ತು. ಕೊಳವೆಯಲ್ಲಿ 51 ಸೆಂಟಿಮೀಟರ್ ಪಾದರಸದಷ್ಟು ನಿರ್ವಾತವನ್ನು ಇಟ್ಟುಕೊಂಡು, ಬೇಕಾದಾಗ ಹೊರಗಿನ ಗಾಳಿಯನ್ನು ಒಳಬಿಡುತ್ತಿದ್ದರು. ವಾಯುಮಂಡಲದ ಒತ್ತಡವೇ 76 ಸೆಂಟಿಮೀಟರ್ ಆಗಿರುವಾಗ ಬ್ರೇಕನ್ನು ಒತ್ತುವ ಬಲಕ್ಕೆ ಒಂದು ಮಿತಿಯುಂಟು. ಎಷ್ಟು ಜಾಣನಾದ ಇಂಜಿನಿಯರನೂ ಅದನ್ನು ಮೀರಲಾರ. ಗಾಳಿಯನ್ನು ಅದುಮಿ ತುಂಬುವ ವಿಧಾನಕ್ಕೆ ಈ ಕಟ್ಟಿಲ್ಲ. ನಮ್ಮ ರೈಲುಗಳ ಬ್ರೇಕ್ ಕೊಳವೆಯಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ಒತ್ತಡವಿರುತ್ತದೆ. ಉದ್ದನೆಯ, ಭಾರವಾದ ಗಾಡಿಗಳು ಓಡಲು ಸಾಧ್ಯವಾದದ್ದು ಹೀಗೆ.

ಇನ್ನು ಸಂಖ್ಯೆ. ಹಿಂದೆ ಒಂದೊಂದು ರೈಲ್ವೆಯೂ ತನ್ನ ಡಬ್ಬಿಗಳಿಗೆ ತನ್ನದೇ ಚಿಕ್ಕ ಸಂಖ್ಯೆಗಳನ್ನು ಕೊಡುತ್ತಿತ್ತು. ಈಗ ದೇಶಕ್ಕೆಲ್ಲ ಒಂದೇ ಕ್ರಮವಾಗಿ ಹನ್ನೊಂದು ಅಂಕಿಗಳ ಸಂಖ್ಯೆಯಿದೆ. ಉದಾಹರಣೆಗೆ ನಾವೇ ಒಂದನ್ನು ಕಲ್ಪಿಸಿಕೊಳ್ಳೋಣ: 31 09 08 4729 9.

ಮೊದಲಿನ ಎರಡು ಅಂಕಿಗಳು ಡಬ್ಬಿಯ ಜಾತಿಯನ್ನು ಹೇಳುತ್ತವೆ. 10ರಿಂದ 29ರ ವರೆಗೆ ತೆರೆದ ಡಬ್ಬಿಗಳು, 30ರಿಂದ 39 ಮುಚ್ಚಿದವು, 40ರಿಂದ 54 ತೊಟ್ಟಿಗಳು, 70ರಿಂದ 79 ಕೆಳಗೆ ಬಾಯುಳ್ಳ ಹಾಪರುಗಳು. ಮುಂದಿನ ಎರಡು ಅಂಕಿಗಳು ಒಡೆಯನನ್ನು ತೋರಿಸುತ್ತವೆ: 01 ಮಧ್ಯ ರೈಲ್ವೆ, 09 ದಕ್ಷಿಣ ಮಧ್ಯ ರೈಲ್ವೆ, 15 ಹುಬ್ಬಳ್ಳಿಯಲ್ಲಿ ಕೇಂದ್ರವುಳ್ಳ ನೈಋತ್ಯ ರೈಲ್ವೆ. ಅನಂತರದ ಎರಡು ಕಟ್ಟಿದ ವರ್ಷ, ಇಲ್ಲಿ 2008. ಆಮೇಲಿನ ನಾಲ್ಕು ಆ ಡಬ್ಬಿಯ ಸ್ವಂತ ಸಂಖ್ಯೆ. ಕೊನೆಯ 9 ಮಾತ್ರ ಡಬ್ಬಿಯ ವಿಷಯವಾಗಿ ಏನನ್ನೂ ಹೇಳುವುದಿಲ್ಲ. ಅದು ಉಳಿದ ಹತ್ತು ಅಂಕಿಗಳ ಮೇಲೆ ಕಾವಲಿರುವ ತಾಳೆಯ ಅಂಕಿ.

ಅದನ್ನು ಪಡೆಯುವ ಬಗೆ ಇದು. ಎಡದಿಂದ ಎಣಿಸಿ ಸಮಸ್ಥಾನಗಳ ಅಂಕಿಗಳನ್ನು ಕೂಡಿಸಬೇಕು: 1, 9, 8, 7, 9, ಮೊತ್ತ 34. ಇದನ್ನು ಮೂರರಿಂದ ಗುಣಿಸಿದರೆ 102. ವಿಷಮಸ್ಥಾನಗಳ 3, 0, 0, 4, 2 ಸೇರಿ 9. ಒಟ್ಟು 111. ಇದಕ್ಕೆ ಮುಂದಿನ ದಶಕವಾದ 120ನ್ನು ಮುಟ್ಟಲು ಬೇಕಾದದ್ದು 9. ಅದೇ ತಾಳೆಯ ಅಂಕಿ.

ಬಣ್ಣ ಸವೆದು ಗುಮಾಸ್ತನು ಎಂಟನೆಯ ಸ್ಥಾನದ 7ನ್ನು 1 ಎಂದು ಬರೆದುಕೊಂಡನೆನ್ನೋಣ. ಆಗ ಮೊತ್ತ 93 ಆಗಿ, ತಾಳೆಯ ಅಂಕಿ 7 ಇರಬೇಕಾಗುತ್ತದೆ. ಡಬ್ಬಿಯ ಮೇಲಿರುವುದು 9. ಲೆಕ್ಕದ ಯಂತ್ರವು ಆ ಸಂಖ್ಯೆಯನ್ನು ಕೂಡಲೆ ತಿರಸ್ಕರಿಸುತ್ತದೆ. ಈ ಕಾವಲಿಲ್ಲದಿದ್ದರೆ ಸೇಡಂನಲ್ಲಿ ತುಂಬಿದ ಸಿಮೆಂಟು ಕಾಗದದ ಮೇಲೆ ಬೇರೊಂದು ಡಬ್ಬಿಗೆ ಹೋಗಿ, ಮಾಲನ್ನು ಹುಡುಕುವವರು ದೇಶವನ್ನೆಲ್ಲ ಹುಡುಕಬೇಕಾದೀತು.

ಮೂರರಿಂದಲೇ ಏಕೆ ಗುಣಿಸಬೇಕು? ಒಂದರಿಂದ ಒಂಬತ್ತರ ವರೆಗಿನ ಯಾವ ಅಂಕಿಯನ್ನು ಮೂರರಿಂದ ಗುಣಿಸಿದರೂ ಕೊನೆಯಲ್ಲಿ ಸೊನ್ನೆ ಬರುವುದಿಲ್ಲ. ಆದ್ದರಿಂದ ಒಂದೇ ಅಂಕಿಯ ತಪ್ಪು ಎಂದಿಗೂ ಮರೆಯಾಗದು. ಎರಡರಿಂದ ಗುಣಿಸಿದ್ದರೆ 5ರಷ್ಟು ತಪ್ಪು 10 ಆಗಿ ಜಾರಿಬಿಡುತ್ತಿತ್ತು. ಆದರೆ ಈ ಕಾವಲುಗಾರನಿಗೂ ಒಂದು ಕುರುಡು ಮೂಲೆಯುಂಟು. ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಮೊತ್ತವು ಅವುಗಳ ಅಂತರದ ಇಮ್ಮಡಿಯಷ್ಟು ಬದಲಾಗುತ್ತದೆ. 4729ನ್ನು 7429 ಎಂದು ಬರೆದರೆ ಸಿಕ್ಕಿಬೀಳುತ್ತದೆ. 4279 ಎಂದು ಬರೆದರೋ, 7 ಮತ್ತು 2ರ ಅಂತರ 5, ಅದರ ಇಮ್ಮಡಿ 10. ಮೊತ್ತ 101 ಆಗಿ ತಾಳೆಯ ಅಂಕಿ ಮತ್ತೆ 9 ಆಗಿಯೇ ಉಳಿಯುತ್ತದೆ! ಇಂಥ ಜೋಡಿಗಳು ಒಟ್ಟು ಐದು. ಉಳಿದವನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳಲಿ.

ವಿದೇಶದ ಹಳೆಯ ಕಾರುಗಳನ್ನು ಕೂಡಿಡುವವರ ಹವ್ಯಾಸವೂ ಇದರ ಜ್ಞಾತಿಯೇ. ಅಮೆರಿಕದ ಕಾರ್ವೆಟ್ ಎಂಬ ಪಂದ್ಯದ ಧಾಟಿಯ ಕಾರಿನ 1963ರ ಮಾದರಿಯಲ್ಲಿ ಒಂದು ಪುಟ್ಟ ಲೋಹದ ಫಲಕವಿದೆ. ಅದರಲ್ಲಿ 923 ಎಂದಿದ್ದರೆ ಕಾರ್ಖಾನೆ ಬಳಿದ ಬಣ್ಣ ಕೆಂಪು, 936 ಎಂದಿದ್ದರೆ ಬಿಳುಪು. ಒಳಗಿನ ಹೊದಿಕೆಗೂ ಬೇರೆ ಗುರುತುಂಟು. ಮೂಲ ಬಣ್ಣ ಉಳಿದಿದೆಯೆ ಎಂಬುದರ ಮೇಲೆ ಬೆಲೆ ಏರುವುದರಿಂದ ಸುಳ್ಳು ಫಲಕಗಳನ್ನು ಮಾಡುವವರೂ ಇದ್ದಾರೆ. ಬಣ್ಣದ ಆ ಮೂರಂಕಿಗಳಿಗೆ ತಾಳೆಯ ಅಂಕಿ ಇಲ್ಲ. ಅಮೆರಿಕದಲ್ಲಿ 1981ರ ಮಾದರಿಗಳಿಂದ ವಾಹನಗಳಿಗೆ ಹದಿನೇಳು ಸ್ಥಾನಗಳ ಸಂಖ್ಯೆ ಬಂದಾಗ ಒಂಬತ್ತನೆಯ ಸ್ಥಾನವನ್ನು ಅದಕ್ಕಾಗಿ ಮೀಸಲಿಟ್ಟರು.

ನಮ್ಮ ಡಬ್ಬಿಗೆ ಮರಳೋಣ. ಅದರ ಮೇಲೆ ಬರಿದಾದಾಗಿನ ತೂಕವನ್ನೂ ಬರೆದಿರುತ್ತಾರೆ. ಮಾಲಿನ ತೂಕವನ್ನು ಇದನ್ನು ಕಳೆದೇ ತಿಳಿಯಬೇಕಾದ್ದರಿಂದ, ಇಲ್ಲಿ ತಪ್ಪಾದರೆ ಪ್ರತಿಯೊಂದು ತೂಕವೂ ತಪ್ಪು. ಮೊದಲಿನ ಬಿಓಎಕ್ಸ್ಎನ್ ಡಬ್ಬಿಯ ಸ್ವಂತ ತೂಕ 22.47 ಟನ್, ಹೊರೆ 58.81 ಟನ್; ಕೂಡಿಸಿದರೆ 81.28. ನಾಲ್ಕು ಅಚ್ಚುಗಳಿಗೆ ಹಂಚಿದರೆ ತಲಾ 20.32 ಟನ್. ಈ ವಿಚಿತ್ರ ಸಂಖ್ಯೆ ಎಲ್ಲಿಯದು? ಅದು ಬ್ರಿಟಿಷರ ಹಳೆಯ 20 ಟನ್ನಿನ ಮೆಟ್ರಿಕ್ ವೇಷ. ಆಮೇಲೆ ಕೆಲವು ಮಾರ್ಗಗಳಲ್ಲಿ ಇದಕ್ಕಿಂತ ಹೆಚ್ಚಿನ ಭಾರಕ್ಕೆ ಅನುಮತಿ ದೊರೆಯಿತು.

ಎಲ್ಲಕ್ಕಿಂತ ಮುಖ್ಯವೆಂದು ನಾವು ಎಣಿಸುವುದು ಮೂಲೆಯಲ್ಲಿ ಬರೆದ ತಾರೀಕನ್ನು. ದೊಡ್ಡ ದುರಸ್ತಿ ಯಾವ ಕಾರ್ಖಾನೆಯಲ್ಲಿ ಯಾವಾಗ ಆಯಿತು, ಮತ್ತೆ ಯಾವಾಗ ಅಲ್ಲಿಗೆ ಮರಳಬೇಕು ಎಂಬುದನ್ನು ಅಲ್ಲಿ ನೋಡಬಹುದು. ಅವಧಿ ಮುಗಿದ ಡಬ್ಬಿಯ ಗಾಲಿ, ಬೇರಿಂಗು, ಬ್ರೇಕುಗಳ ಮೇಲೆ ಭರವಸೆಯಿಡಲಾಗದು.

ಚಿಂಚೋಳಿ ಪಟ್ಟಣಕ್ಕೆ ರೈಲಿಲ್ಲ. ಅಲ್ಲಿಯ ವಿದ್ಯಾರ್ಥಿಗಳು ಅಂಗಡಿಯ ಸಿಮೆಂಟು ಚೀಲವನ್ನೇ ಓದಬಹುದು. ಅದರ ಮೇಲೆ 53 ಎಂದಿದ್ದರೆ, ಆ ಸಿಮೆಂಟನ್ನು ಮರಳಿನೊಡನೆ ಕಲಸಿ ಮಾಡಿದ ಘನವು 28 ದಿನಗಳಾದ ಮೇಲೆ ಚದರ ಮಿಲಿಮೀಟರಿಗೆ ಕನಿಷ್ಠ 53 ನ್ಯೂಟನ್ ಒತ್ತಡವನ್ನು ತಾಳಬೇಕು. ಪರೀಕ್ಷೆಯ ಘನದ ಮುಖ 50 ಚದರ ಸೆಂಟಿಮೀಟರ್. ಗುಣಿಸಿ ನೋಡಿದರೆ ಸುಮಾರು 27 ಟನ್ ಭಾರ. ಮೇಲೆ ಹೇಳಿದ ಬರಿದಾದ ಡಬ್ಬಿಯನ್ನು ಅಂಗೈಯಗಲದ ಆ ತುಂಡು ಹೊತ್ತು ನಿಲ್ಲಬಲ್ಲದು. ಆದರೆ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷವೂ ಇರುತ್ತದೆ. ವಾರ 27 ಎಂದರೆ ಜುಲೈ ತಿಂಗಳ ಆರಂಭ. ಸಿಮೆಂಟು ಗಾಳಿಯ ತೇವವನ್ನು ಹೀರಿ ಚೀಲದೊಳಗೇ ಗಂಟುಕಟ್ಟಲಾರಂಭಿಸುತ್ತದೆ. ಮೂರು ತಿಂಗಳಿಗೆ ಮೀರಿ ಕುಳಿತದ್ದನ್ನು ಮತ್ತೆ ಪರೀಕ್ಷಿಸಿಯೇ ಬಳಸಬೇಕು. ಮಳೆಗಾಲದಲ್ಲಿ ಮನೆ ಕಟ್ಟಿಸುವವರು 53ಕ್ಕಿಂತ ಮೊದಲು ಆ ವಾರದ ಅಂಕಿಯನ್ನು ನೋಡುವುದು ಲೇಸು.