ಟಣ್ ಅನ್ನೋ ಗುರಿ: ಜಾತ್ರಿ ಬಲೂನಿನಿಂದ ಪಾಯಿಂಟ್ 22 ರೈಫಲ್‌ವರೆಗೆ

  ಇವತ್ತಿನ ಎಪಿಸೋಡ್ ಗುರಿ ಹೊಡೆಯೋದರ ಬಗ್ಗೆ.

ರೀಲ್ಸ್‌ನಲ್ಲಿ ನೀವೂ ನೋಡಿರ್ತೀರಿ. ಅಮೆರಿಕದ ಯಾವುದೋ ಹೊಲ, ಕೈಯಲ್ಲಿ ಸಣ್ಣ ರೈಫಲ್, ದೂರದಲ್ಲಿ ಸರಪಳಿಗೆ ನೇತಾಡೋ ಕಬ್ಬಿಣದ ತಟ್ಟೆ. ಟ್ರಿಗರ್ ಒತ್ತಿದ ಕೂಡಲೇ ಟಣ್! ತಟ್ಟೆ ಜೋಲಿ ಹೊಡೀತದ. ಇದಕ್ಕೆ ಅಲ್ಲಿ ಪ್ಲಿಂಕಿಂಗ್ ಅಂತಾರೆ. ಆ ಶಬ್ದದಿಂದಲೇ ಹುಟ್ಟಿದ ಹೆಸರು ಅದು. ಸ್ಪರ್ಧೆ ಇಲ್ಲ, ಮೆಡಲ್ ಇಲ್ಲ, ಬರೀ ಖುಷಿಗೆ ಡಬ್ಬಿ, ತಟ್ಟೆ ಹೊಡೆಯೋದು.

ಇದನ್ನ ನೋಡಿದವರಿಗೆ ಬರೋ ಪ್ರಶ್ನೆ ಒಂದೇ. ವೆಲ್ಡಿಂಗ್ ಅಂಗಡಿ ಮಾನ್ವಿಯಲ್ಲೂ ಅದಾವ, ದೇವದುರ್ಗದಲ್ಲೂ ಅದಾವ. ತಟ್ಟೆ ಮಾಡಿಸಿ ಹೊಲದಾಗ ನೇತು ಹಾಕಿ ಹೊಡೆದ್ರ ಏನಾಗ್ತದ? ಇದಕ್ಕೆ ಉತ್ತರ ಎರಡು ಭಾಗದಲ್ಲಿ ಅದ. ತಟ್ಟೆ ಮಾಡಿಸೋದು ತಪ್ಪಲ್ಲ. ಯಾವ ಬಂದೂಕಿನಿಂದ, ಎಲ್ಲಿ ನಿಂತು ಹೊಡೀತೀರಿ ಅನ್ನೋದರ ಮೇಲೆ ಉಳಿದದ್ದೆಲ್ಲ ನಿಂತದ.

ಪ್ರತಿಕ್ರಿಯೆ ಕೊಡೋ ಗುರಿ

ನಮಗೂ ಇದು ಹೊಸದಲ್ಲ. ಜಾತ್ರಿಯಲ್ಲಿ ಬಲೂನ್ ಅಂಗಡಿ ಇರ್ತದಲ್ಲ, ಅದೂ ಇದೇ ಆಟ. ಬಲೂನ್ ಒಡೀತು ಅಂದ್ರ ಗುರಿ ಸರಿ, ಇಲ್ಲಾಂದ್ರ ತಪ್ಪು. ಕಾಗದದ ಗುರಿಯಾದ್ರ ಹತ್ತಿರ ಹೋಗಿ ತೂತು ಹುಡುಕಬೇಕು. ಬಲೂನ್, ಡಬ್ಬಿ, ತಟ್ಟೆ ತಾವಾಗೇ ಉತ್ತರ ಕೊಡ್ತಾವ. ಹಾಗಾಗಿ ಇವಕ್ಕೆ ರಿಯಾಕ್ಟಿವ್ ಟಾರ್ಗೆಟ್ ಅಂತ ಹೆಸರು.

ನಮ್ಮ ರಾಜ್ಯದಲ್ಲಿ ಈ ಆಟ ಸಂಪ್ರದಾಯವಾಗಿ ಉಳಿದಿರೋದು ಕೊಡಗಿನಲ್ಲಿ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡ್ತಾರೆ. ಹಬ್ಬದ ಜೊತೆಗೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆನೂ ನಡೀತದ. ಅಲ್ಲಿನ ಸ್ಪರ್ಧೆಗಳಲ್ಲಿ ಪಾಯಿಂಟ್ 22 ರೈಫಲ್‌ಗೆ ಒಂದು ವಿಭಾಗ, ಹನ್ನೆರಡನೇ ತೋಟಾ ಕೋವಿಗೆ ಇನ್ನೊಂದು. ಏರ್‌ಗನ್‌ನವರಿಗೆ ಕೋಳಿಮೊಟ್ಟೆ ಇಡ್ತಾರೆ. ಕಾಯಿ ಒಡೀತು, ಮೊಟ್ಟೆ ಸಿಡೀತು ಅಂದ್ರ ಅಂಪೈರ್ ಬೇಕಾಗಿಲ್ಲ.

ಆದ್ರ ಒಂದು ಮಾತು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ಷರತ್ತಿನ ವಿನಾಯಿತಿ ಅದ. ಬ್ರಿಟಿಷರ ಕಾಲದಿಂದ ಬಂದದ್ದು ಅದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಎತ್ತಿ ಹಿಡಿಯಿತು. ಆ ವಿನಾಯಿತಿ ಅವರಿಗೆ ಮಾತ್ರ. ಕೊಡಗಿನ ವಿಡಿಯೋ ನೋಡಿ ರಾಯಚೂರಿನಲ್ಲಿ ಮಾಡೋಕೆ ಬರಲ್ಲ.

ರಿಮ್‌ಫೈರ್ ಅಂದ್ರೇನು?

ಪಾಯಿಂಟ್ 22 ತೋಟಾ ನೋಡೋಕೆ ಚಿಕ್ಕದು. ತೋಟಾದ ತಳದಲ್ಲಿ ಹಿತ್ತಾಳೆಯ ಅಂಚು ಇರ್ತದ. ತಟ್ಟಿದ್ರ ಕಿಡಿ ಹತ್ತೋ ಮದ್ದು ಆ ಅಂಚಿನ ಒಳಗಡೆನೇ ಇರ್ತದ. ಬಂದೂಕಿನ ಪಿನ್ ಬಂದು ಅಂಚನ್ನ ಜಜ್ಜಿದ ಕೂಡಲೇ ಒಳಗಿನ ಮದ್ದಿಗೆ ಬೆಂಕಿ ಹತ್ತಿ ಗುಂಡು ಹೊರಡ್ತದ. ಅಂಚಿಗೆ ಇಂಗ್ಲಿಷ್‌ನಲ್ಲಿ ರಿಮ್ ಅಂತಾರೆ, ಅದಕ್ಕೇ ರಿಮ್‌ಫೈರ್. ದೊಡ್ಡ ರೈಫಲ್‌ಗಳಲ್ಲಿ ಪಿನ್ ತೋಟಾದ ತಳದ ನಟ್ಟನಡುವೆ ಬಡೀತದ. ಇವತ್ತು ಜಗತ್ತಿನಾದ್ಯಂತ ಬಳಸೋ ಪಾಯಿಂಟ್ 22 ಲಾಂಗ್ ರೈಫಲ್ ತೋಟಾ ಬಂದದ್ದು 1887ರಲ್ಲಿ, ಅಮೆರಿಕದಲ್ಲಿ.

ಸದ್ದು ಕಡಿಮೆ, ಹಿಂದಕ್ಕೆ ಒದೆಯೋದು ಕಡಿಮೆ, ಖರ್ಚೂ ಕಡಿಮೆ. ಹಾಗಾಗಿ ಕಲಿಯೋರಿಗೆ ಇದೇ ರೈಫಲ್ ಕೊಡ್ತಾರೆ. ನಿಮ್ಮ ಕಾಲೇಜಿನ ಎನ್‌ಸಿಸಿ ಗೆಳೆಯರನ್ನ ಕೇಳಿ ನೋಡ್ರಿ. ಕ್ಯಾಂಪ್‌ನಲ್ಲಿ ನೆಲಕ್ಕೆ ಮಲಗಿ ಅವರು ಹೊಡೆದದ್ದು ಪಾಯಿಂಟ್ 22 ರೈಫಲ್‌ನಿಂದಲೇ. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್‌ನಲ್ಲೂ ಇದೇ ತೋಟಾ. ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ಗೆದ್ದದ್ದು ಈ ವಿಭಾಗದಲ್ಲಿ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ ಬೆಳ್ಳಿ ಗೆದ್ದರು. 50 ಮೀಟರ್ ಪಿಸ್ತೂಲ್‌ಗೂ ಪಾಯಿಂಟ್ 22 ತೋಟಾನೇ.

"ಸಣ್ಣದು" ಅನ್ನೋ ಮಾತಿನ ಲೆಕ್ಕ

ನಾನು ಕಾಮರ್ಸ್ ಓದಿದವ, ಅಂಕಿ ಇಲ್ಲದೆ ಸಮಾಧಾನ ಆಗಲ್ಲ. ಲೈಸೆನ್ಸ್ ಬೇಡದ ಏರ್‌ಗನ್ನಿನ ಗರಿಷ್ಠ ಶಕ್ತಿ 20 ಜೂಲ್. ಎರಡು ಕೆಜಿ ಜೋಳದ ಚೀಲ ಒಂದು ಮೀಟರ್ ಮೇಲಿಂದ ಬಿದ್ರ ಎಷ್ಟು ಪೆಟ್ಟೋ ಅಷ್ಟು. ಪಾಯಿಂಟ್ 22 ಗುಂಡಿನ ತೂಕ ಸುಮಾರು 2.6 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 330 ಮೀಟರ್. ಲೆಕ್ಕ ಹಾಕಿದ್ರ 140 ಜೂಲ್ ದಾಟ್ತದ. ಅಂದ್ರ ಹದಿನಾಲ್ಕು ಕೆಜಿ ಚೀಲ. ಅದೂ ಶೇಂಗಾ ಕಾಳಿಗಿಂತ ಸಣ್ಣ ಜಾಗದ ಮೇಲೆ.

ಇನ್ನೂ ಒಂದು ಅಂಕಿ. ಈ ತೋಟಾದ ಡಬ್ಬಿಗಳ ಮೇಲೆ ಒಂದೂವರೆ ಮೈಲಿ ದೂರದವರೆಗೂ ಅಪಾಯ ಅಂತ ಎಚ್ಚರಿಕೆ ಹಾಕೋದು ರೂಢಿ. ಅಂದ್ರ ಸುಮಾರು 2.4 ಕಿಲೋಮೀಟರ್. ನಮ್ಮ ಸೀಮೆ ಬಯಲು ಸೀಮೆ. ಭತ್ತದ ಗದ್ದೆ, ಹತ್ತಿ ಹೊಲ, ನಡುವೆ ಕೂಲಿ ಮಾಡೋರು, ಕುರಿ ಕಾಯೋರು, ಕಾಲುವೆ ದಂಡಿ ಮ್ಯಾಲ ಬೈಕಿನವರು. ಎರಡೂವರೆ ಕಿಲೋಮೀಟರ್ ಸುತ್ತ ಯಾರೂ ಇಲ್ಲ ಅಂತ ಹೇಳೋ ಹೊಲ ಎಲ್ಲದ?

ಕಾನೂನು ಏನು ಹೇಳ್ತದ?

1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪಾಯಿಂಟ್ 22 ರೈಫಲ್‌ಗೆ ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸ್‌ಗೆ 21 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರು ನಿಯಮದ ಪ್ರಕಾರ ತರಬೇತಿಯಲ್ಲಿ ಮಾತ್ರ ಹೊಡೀಬಹುದು. ಮನೆಯವರ ಹೆಸರಿನ ಬಂದೂಕು ಅಂತ ಗೆಳೆಯರ ಕೈಗೆ ಕೊಡೋದು ಆಟ ಅಲ್ಲ, ಕೇಸ್.

ಏರ್‌ಗನ್‌ಗೆ 2016ರ ನಿಯಮಗಳು ಎರಡು ಗೆರೆ ಹಾಕ್ಯಾವ. ಶಕ್ತಿ 20 ಜೂಲ್ ದಾಟಬಾರದು, ನಳಿಕೆ ಪಾಯಿಂಟ್ 177 ಅಂದ್ರ 4.5 ಮಿಲಿಮೀಟರ್ ದಾಟಬಾರದು. ಎರಡರಲ್ಲಿ ಒಂದು ಮೀರಿದ್ರೂ ಲೈಸೆನ್ಸ್ ಬೇಕು. ಮೋಸ ಹೋಗೋದು ಇಲ್ಲೇ. 5.5 ಮಿಲಿಮೀಟರ್‌ನ ಏರ್‌ಗನ್ ಕಂಡ್ರ "ಏರ್‌ಗನ್ ತಾನೇ" ಅಂತ ತಗೋಬ್ಯಾಡ್ರಿ. ಬಿಲ್‌ನಲ್ಲಿ ಅಳತೆ, ಶಕ್ತಿ ಎರಡೂ ಬರೆಸಿ, ಬಿಲ್ ಜೋಪಾನ ಮಾಡ್ರಿ.

2019ರ ತಿದ್ದುಪಡಿ ಇನ್ನೂ ಬಿಗಿ. ಮದುವೆ, ಜಾತ್ರೆ, ಸಮಾರಂಭದಲ್ಲಿ ಖುಷಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದ್ರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸಿದ್ರ ಕನಿಷ್ಠ ಏಳು ವರ್ಷ, ಹೆಚ್ಚಂದ್ರ ಜೀವಾವಧಿ. ವೆಲ್ಡಿಂಗ್ ಅಂಗಡಿಯಲ್ಲಿ ತಟ್ಟೆ ಮಾಡಿಸಿ, ನಡೀತದ. ಬಂದೂಕು ಮಾತ್ರ ಬ್ಯಾಡ.

ಮತ್ತ ಗುರಿ ಅಂದ್ರ ತಟ್ಟೆ, ಡಬ್ಬಿ. ನವಿಲಲ್ಲ, ಗಿಳಿಯಲ್ಲ. ಏರ್‌ಗನ್‌ನಿಂದ ಹೊಡೆದ್ರೂ ಅದು ಬೇಟೆನೇ, 1972ರ ವನ್ಯಜೀವಿ ಕಾಯ್ದೆ ಅಡಿ ಅಪರಾಧ.

ತಟ್ಟೆ ತಿರುಗಿ ಹೊಡೀತದ

ಈಗ ಕಬ್ಬಿಣದ ವಿಷಯ. ಗುಂಡು ಗಟ್ಟಿಯಾದ ಚಪ್ಪಟೆ ಉಕ್ಕಿಗೆ ಬಡಿದ್ರ ಸೀಸ ಚೂರುಚೂರಾಗಿ ತಟ್ಟೆಯ ಮೈಗುಂಟ ಪಕ್ಕಕ್ಕೆ ಹಾರ್ತದ. ಮೆತ್ತನೆ ಕಬ್ಬಿಣ ಆದ್ರ ಕುಳಿ ಬೀಳ್ತದ. ಮುಂದಿನ ಗುಂಡು ಆ ಕುಳಿಗೆ ಬಿದ್ರ ಬಟ್ಟಲಿಗೆ ಹೊಡೆದ ನೀರಿನಂಗ ಚೂರು ತಿರುಗಿ ನಿಮ್ಮ ಕಡೆನೇ ಬರ್ತದ. ಅದಕ್ಕೇ ವಿದೇಶದ ರೇಂಜ್‌ಗಳಲ್ಲಿ ಎಆರ್500 ಅನ್ನೋ ಗಡಸು ಉಕ್ಕು ಬಳಸ್ತಾರೆ. ಗುಜರಿಯಲ್ಲಿ ಸಿಗೋ ಎಂಎಸ್ ಪ್ಲೇಟ್ ಆ ಕೆಲಸಕ್ಕಲ್ಲ.

4.5 ಮಿಲಿಮೀಟರ್ ಏರ್‌ಗನ್ನಿಗೆ, ಸೀಸದ ಪೆಲೆಟ್ ಬಳಸಿದ್ರ, ದಪ್ಪನೆ ಎಂಎಸ್ ತಟ್ಟೆ ಸಾಕಾಗ್ತದ. ಪೆಲೆಟ್ ಮೆತ್ತಗ, ಬಡಿದು ಚಪ್ಪಟೆ ಆಗ್ತದ. ಆದ್ರೂ ನಾಲ್ಕು ಮಾತು ನೆನಪಿಡ್ರಿ. ತಟ್ಟೆಯನ್ನ ಸರಪಳಿಗೆ ನೇತು ಹಾಕಿ, ಮೇಲಿನ ಅಂಚು ನಿಮ್ಮ ಕಡೆ ಸ್ವಲ್ಪ ಬಾಗಿರಲಿ, ಚೂರು ನೆಲಕ್ಕೆ ಇಳೀತದ. ಉಕ್ಕಿನ ಬಿಬಿ ಗೋಲಿ ಬ್ಯಾಡವೇ ಬ್ಯಾಡ, ಅದು ಚಪ್ಪಟೆ ಆಗಲ್ಲ, ಚೆಂಡಿನಂಗ ವಾಪಸ್ ಪುಟೀತದ. ಹಿಂದೆ ಮಣ್ಣಿನ ಗುಡ್ಡೆ ಇರಲಿ, ಕಲ್ಲು ಗೋಡೆ ಬ್ಯಾಡ. ಹತ್ತು ಮೀಟರ್ ಆದ್ರೂ ದೂರ ನಿಲ್ರಿ. ಹೊಡೆಯೋರು, ನೋಡೋರು ಎಲ್ಲರಿಗೂ ಕಣ್ಣಿನ ಗಾಗಲ್ಸ್ ಇರಲೇಬೇಕು. ಕಾಲಿಗೆ ಬಿದ್ದ ಪೆಲೆಟ್ ತೆಗೀಬಹುದು, ಕಣ್ಣಿಗೆ ಬಿದ್ರ ಕಣ್ಣೇ ಹೋಗ್ತದ. ಮುಗಿದ ಮ್ಯಾಲ ಸೋಪು ಹಚ್ಚಿ ಕೈ ತೊಳ್ಕೊಂಡೇ ಊಟಕ್ಕೆ ಕೂಡ್ರಿ, ಸೀಸ ವಿಷ.

ಟೆರೇಸ್ ಮ್ಯಾಲ ಅಂತೂ ಬ್ಯಾಡ. ರಾಯಚೂರಿನ ಓಣಿಗಳಲ್ಲಿ ಒಂದು ಮಾಳಿಗೆಗೆ ಇನ್ನೊಂದು ಮಾಳಿಗೆ ಅಂಟಿಕೊಂಡಿರ್ತದ. ನಿಮ್ಮ ಗುರಿ ತಪ್ಪಿದ್ದು ಪಕ್ಕದ ಮನೆ ಹಪ್ಪಳ ಒಣ ಹಾಕೋ ಅತ್ತಿಗೆ ತಾಗಬಹುದು.

ಗುರಿ ಅನ್ನೋದು ಶಿಸ್ತು

ರಾಯಚೂರಿಗೆ ಬಂದೂಕಿನ ಗುರಿ ಐನೂರು ವರ್ಷದ ಹಳೇ ಪರಿಚಯ. 1520ರಲ್ಲಿ ಕೃಷ್ಣದೇವರಾಯ ನಮ್ಮ ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ಟೊವಾವ್ ಡಿ ಫಿಗೆರೆದೊ ಅನ್ನೋ ಪೋರ್ಚುಗೀಸ್ ತನ್ನ ಬಂದೂಕಿನವರ ಜೊತೆ ಬಂದ. ಅವರು ಗೋಡೆ ಮೇಲೆ ತಲೆ ಎತ್ತಿದವರನ್ನ ಗುರಿ ಇಟ್ಟು ಹೊಡೆದ್ರು, ಕೋಟೆಯ ನಾಯಕ ಬಗ್ಗಿ ನೋಡೋವಾಗ ಹಣೆಗೆ ಗುಂಡು ಬಿತ್ತು ಅಂತ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಾನ. ಒಂದು ಸಣ್ಣ ಸೀಸದ ಉಂಡಿ ಏನು ಮಾಡ್ತದ ಅನ್ನೋದು ನಮ್ಮೂರಿನ ಇತಿಹಾಸದಲ್ಲೇ ಅದ.

ಆಸೆ ಇದ್ದವರಿಗೆ ದಾರಿ ಅದ. ಕಾಲೇಜಿನಲ್ಲಿ ಇದ್ರ ಎನ್‌ಸಿಸಿ ಸೇರ್ರಿ. ಮುಂದೆ ಹೋಗಬೇಕು ಅಂದ್ರ ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್ ಅದ, ಅದರ ಮೂಲಕ ರಾಷ್ಟ್ರಮಟ್ಟದ ಸ್ಪರ್ಧೆ. ಹತ್ತು ಮೀಟರ್ ಏರ್ ರೈಫಲ್‌ನ ನಡು ಚುಕ್ಕೆ ಅರ್ಧ ಮಿಲಿಮೀಟರ್ ಅಷ್ಟೇ, ಅದನ್ನ ಹೊಡೆಯೋ ಮಜಾನೇ ಬೇರೆ. ತಟ್ಟೆನೇ ಬೇಕು ಅನ್ನೋರಿಗೂ ವಿದೇಶದಲ್ಲಿ ಸ್ಪರ್ಧೆ ಅದಾವ. ಮೆಕ್ಸಿಕೋದಲ್ಲಿ ಹುಟ್ಟಿದ ಸಿಲೂಯೆಟ್ ಆಟದಲ್ಲಿ ಕೋಳಿ, ಹಂದಿ, ಟರ್ಕಿ, ಟಗರು ಆಕಾರದ ಉಕ್ಕಿನ ತಟ್ಟೆಗಳನ್ನ ಬೇರೆ ಬೇರೆ ದೂರದಿಂದ ಬೀಳಿಸಬೇಕು. ಎಲ್ಲಕ್ಕಿಂತ ದೂರ ಇರೋದು ಟಗರು.

ಟ್ರಿಗರ್ ಒತ್ತೋ ಮೊದಲು ಒಂದೇ ಪ್ರಶ್ನೆ ಕೇಳ್ಕೊಳ್ರಿ: ತಟ್ಟೆ ತಪ್ಪಿದ್ರ ಈ ಗುಂಡು ಎಲ್ಲಿ ಹೋಗಿ ನಿಲ್ತದ? ಉತ್ತರ ಗೊತ್ತಿಲ್ಲಾಂದ್ರ ಬಂದೂಕು ಕೆಳಗಿಡ್ರಿ. ಈ ಎಪಿಸೋಡ್‌ನ್ನ ಏರ್‌ಗನ್ ತಗೊಂಡಿರೋ ಒಬ್ಬ ಗೆಳೆಯನಿಗೆ ಫಾರ್ವರ್ಡ್ ಮಾಡ್ರಿ. ಮತ್ತ ಸಿಗೋಣ್ರಿ.